‘ಡ್ವಾರ್ಫ್’ ಸ್ನೇಕ್ ಪ್ಲಾಂಟ್ ನಿಜಕ್ಕೂ ಎಷ್ಟು ದೊಡ್ಡದಾಗುತ್ತದೆ, ಎಷ್ಟು ಬೇಗ ಬೆಳೆಯುತ್ತದೆ?

ನರ್ಸರಿಗಳಲ್ಲಿ ಪದೇ ಪದೇ ಕೇಳಿಸುವ ಮಾತು ಇದು: ‘ಇದು ಡ್ವಾರ್ಫ್ ಗಿಡ, ಇಷ್ಟೇ ಇರುತ್ತೆ, ಬೆಳೆಯಲ್ಲ.’ ಇದರ ಜೊತೆಗೆ ಇನ್ನೂ ಎರಡು ಮಾತುಗಳು ಬರುತ್ತವೆ. ‘ಚಿಕ್ಕ ಕುಂಡದಲ್ಲೇ ಇಟ್ಟರೆ ಗಿಡವೂ ಚಿಕ್ಕದಾಗಿಯೇ ಉಳಿಯುತ್ತೆ’ ಎನ್ನುವುದು ಒಂದು. ‘ಮಲಗುವ ಕೋಣೆಯಲ್ಲಿ ನಾಲ್ಕು ಇಟ್ಟರೆ ರಾತ್ರಿಯಿಡೀ ಆಮ್ಲಜನಕ ಸಿಗುತ್ತೆ’ ಎನ್ನುವುದು ಇನ್ನೊಂದು.

ಮೊದಲನೆಯ ಮಾತು ಗಿಡ ಯಾವುದು ಎನ್ನುವುದರ ಮೇಲೆ ನಿಂತಿದೆ. ಎರಡನೆಯದು ಅರ್ಧ ನಿಜ. ಮೂರನೆಯದು ಸುಳ್ಳು, ಮತ್ತು ಅದನ್ನು ಸುಳ್ಳು ಎಂದು ತೋರಿಸಲು ಆ ಗಿಡ ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಎಂಬ ಲೆಕ್ಕವೇ ಸಾಕು.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಭದ್ರಾವತಿಯ ನಮ್ಮ ಮನೆಯಿಂದ. ಮೂರು ವರ್ಷದ ಹಿಂದೆ ಅಮ್ಮ ಶಿವಮೊಗ್ಗಕ್ಕೆ ಹೋದವರು ಎರಡು ಪುಟ್ಟ ಗಿಡ ತಂದರು. ಎರಡೂ ಒಂದೇ ಅಳತೆಯ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿದ್ದವು, ಎರಡೂ ಗೇಣುದ್ದ ಇದ್ದವು, ಎರಡಕ್ಕೂ ‘ಡ್ವಾರ್ಫ್ ಸ್ನೇಕ್’ ಎಂದೇ ಹೆಸರು ಹೇಳಿದ್ದರು. ಒಂದು ಟಿವಿ ಪಕ್ಕದಲ್ಲಿ ಕೂತಿತು, ಇನ್ನೊಂದು ಕಿಟಕಿಯ ಹಲಗೆಯ ಮೇಲೆ. ಟಿವಿ ಪಕ್ಕದ್ದು ಇವತ್ತಿಗೂ ಗೇಣುದ್ದವೇ ಇದೆ, ಆದರೆ ಮಗ್ಗುಲಲ್ಲಿ ಮರಿ ಹಾಕಿ ಕುಂಡ ತುಂಬಿಕೊಂಡಿದೆ. ಕಿಟಕಿಯದ್ದು ಎರಡನೇ ಮಳೆಗಾಲದ ಹೊತ್ತಿಗೆ ಕಿಟಕಿಯ ಅರ್ಧ ಮುಚ್ಚಿತು. ಅಮ್ಮನ ತೀರ್ಮಾನ, ‘ಅದಕ್ಕೆ ಬೆಳಕು ಜಾಸ್ತಿ ಸಿಕ್ತು, ಅದಕ್ಕೇ ಬೆಳೀತು.’ ಕಾರಣ ಅದಲ್ಲ. ಮೊದಲಿನಿಂದಲೇ ಅವು ಬೇರೆ ಬೇರೆ ತಳಿಗಳು.

ಯಾವ ಗಿಡ ಇದು?

ಸ್ನೇಕ್ ಪ್ಲಾಂಟ್‌ನ ತವರು ಪಶ್ಚಿಮ ಆಫ್ರಿಕಾದ ಉಷ್ಣವಲಯ. ಪುಸ್ತಕಗಳಲ್ಲಿ ಬಹಳ ಕಾಲ ಸ್ಯಾನ್ಸೆವೇರಿಯಾ ಟ್ರೈಫ್ಯಾಸಿಯೇಟಾ ಎಂಬ ಹೆಸರಿತ್ತು. ಡಿಎನ್‌ಎ ಅಧ್ಯಯನಗಳ ನಂತರ ಈಗ ಡ್ರಸೀನಾ ಕುಲಕ್ಕೆ ಸೇರಿಸಿದ್ದಾರೆ, ಆದರೆ ನರ್ಸರಿಗಳು ಹಳೆಯ ಹೆಸರನ್ನು ಬಿಟ್ಟಿಲ್ಲ. ಇದೇ ಬಳಗದ ಗಿಡವೊಂದು ನಮ್ಮದೇ ನಾಡಿನಲ್ಲಿದೆ, ಕನ್ನಡದಲ್ಲಿ ಅದಕ್ಕೆ ಮಂಜಿನ ನಾರು ಎನ್ನುತ್ತಾರೆ. ಅದರ ಎಲೆಯ ಗಟ್ಟಿ ನಾರಿನಿಂದ ಹಿಂದೆ ಹಗ್ಗ, ಬಿಲ್ಲಿನ ಹೆದೆ ಹೊಸೆಯುತ್ತಿದ್ದರು. ಇಂಗ್ಲಿಷಿನಲ್ಲಿ ಈ ಗುಂಪಿಗೆ ಬೋಸ್ಟ್ರಿಂಗ್ ಹೆಂಪ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಅಂದರೆ ನಾವು ಅಲಂಕಾರಕ್ಕೆಂದು ದುಡ್ಡು ಕೊಟ್ಟು ತರುವ ಗಿಡದ ದಾಯಾದಿ ಇಲ್ಲಿಯದೇ.

ಸ್ನೇಕ್ ಪ್ಲಾಂಟ್‌ನಲ್ಲಿ ಹತ್ತಾರು ತಳಿಗಳಿವೆ. ಅಂಚಿನಲ್ಲಿ ಹಳದಿ ಪಟ್ಟಿಯಿರುವ, ಕತ್ತಿಯಂತೆ ನೆಟ್ಟಗೆ ನಿಲ್ಲುವ ‘ಲಾರೆಂಟೈ’ ಎಲ್ಲರೂ ನೋಡಿರುವ ತಳಿ. ಒಳ್ಳೆಯ ಜಾಗದಲ್ಲಿ ಅದರ ಎಲೆ 90ರಿಂದ 120 ಸೆಂಟಿಮೀಟರ್, ಅಂದರೆ ಮೂರರಿಂದ ನಾಲ್ಕು ಅಡಿ ಮುಟ್ಟುತ್ತದೆ. ನಿಜವಾದ ಕುಳ್ಳ ತಳಿಯ ಹೆಸರು ‘ಹಾನಿಯೈ’. ಹೆಸರು ಕೇಳಿ ಬೆಚ್ಚಬೇಡಿ. ಅದಕ್ಕೂ ನಮ್ಮ ಹಾನಿಗೂ ಸಂಬಂಧವಿಲ್ಲ, ಹಾನ್ ಎಂಬ ಅಮೆರಿಕನ್ನನ ಹೆಸರು ಅದು. ನಮ್ಮ ಕಡೆ ‘ಲೋಟಸ್’, ‘ಗ್ರೀನ್ ಡ್ವಾರ್ಫ್’, ಹಳದಿ ಅಂಚಿನದ್ದಾದರೆ ‘ಗೋಲ್ಡನ್’ ಎಂಬ ಹೆಸರುಗಳಲ್ಲಿ ಇದರ ಬಗೆಗಳು ಮಾರಾಟವಾಗುತ್ತವೆ. ಹಾನಿಯೈನ ಎಲೆಗಳು ಹಕ್ಕಿಗೂಡಿನ ಹಾಗೆ ಸುತ್ತಲೂ ಅರಳಿಕೊಂಡಿರುತ್ತವೆ. ಪೂರ್ತಿ ಬೆಳೆದ ಮೇಲೂ ಎತ್ತರ ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್, ತುಂಬಾ ಚೆನ್ನಾಗಿ ಬೆಳೆದರೆ 30ರ ಹತ್ತಿರ. ಮರಿಗಳೂ ಸೇರಿ ಗುಂಪಿನ ಅಗಲ ಸುಮಾರು ಒಂದು ಅಡಿ, ಜಾಗ ಕೊಟ್ಟರೆ ಇನ್ನೂ ಹೆಚ್ಚು.

ಕುಳ್ಳತನ ಎಲ್ಲಿಂದ ಬಂತು?

1939ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಒಂದು ನರ್ಸರಿಯಲ್ಲಿ ಎತ್ತರದ ಲಾರೆಂಟೈ ಗಿಡಗಳ ನಡುವೆ ಒಂದು ಕುಳ್ಳ ಮರಿ ಕಾಣಿಸಿಕೊಂಡಿತು. ಅದನ್ನು ಗುರುತಿಸಿದವರು ವಿಲಿಯಂ ಸ್ಮಿತ್. 1941ರಲ್ಲಿ ಸಿಲ್ವನ್ ಹಾನ್ ಎಂಬವರ ಹೆಸರಿನಲ್ಲಿ ಅದಕ್ಕೆ ಸಸ್ಯ ಪೇಟೆಂಟ್ ಸಿಕ್ಕಿತು. ಯಾರೂ ಪ್ರಯೋಗಾಲಯದಲ್ಲಿ ಕೂತು ಅದನ್ನು ಕುಳ್ಳಗೆ ಮಾಡಿದ್ದಲ್ಲ. ಕುಡಿಯಲ್ಲಿ ತಾನಾಗಿಯೇ ಆದ ಒಂದು ಬದಲಾವಣೆ ಅದು. ಸಸ್ಯಲೋಕದಲ್ಲಿ ಇದನ್ನು ‘ಸ್ಪೋರ್ಟ್’ ಎನ್ನುತ್ತಾರೆ. ಆ ಕುಡಿಯಿಂದ ಬಂದ ಮರಿಗಳೆಲ್ಲ ಕುಳ್ಳಗೇ ಉಳಿದವು, ಅವುಗಳ ಮರಿಗಳೂ ಹಾಗೆಯೇ.

ಶಿವಮೊಗ್ಗ ಕಡೆಯವರಿಗೆ ಇದನ್ನು ಅರ್ಥ ಮಾಡಿಸಲು ನ್ಯೂ ಆರ್ಲಿಯನ್ಸ್‌ವರೆಗೆ ಹೋಗಬೇಕಾಗಿಲ್ಲ, ಅಡಿಕೆ ತೋಟದ ಉದಾಹರಣೆಯೇ ಸಾಕು. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಸಿಕ್ಕ ‘ಹಿರೇಹಳ್ಳಿ ಡ್ವಾರ್ಫ್’ ಎಂಬ ಕುಳ್ಳ ಅಡಿಕೆಯೂ ಇಂಥದ್ದೇ ಸಹಜ ಬದಲಾವಣೆಯ ಫಲ. ಅದರ ಅಡಿಕೆಯ ಗುಣಮಟ್ಟ ಅಷ್ಟಕ್ಕಷ್ಟೇ. ಆದರೆ ಮರ ಗಿಡ್ಡ, ಕೊನೆ ಕೊಯ್ಯಲು, ಔಷಧಿ ಹೊಡೆಯಲು ಸುಲಭ. ಹಾಗಾಗಿ ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದವರು ಅದನ್ನು ಒಳ್ಳೆಯ ಇಳುವರಿಯ ತಳಿಗಳ ಜೊತೆ ಅಡ್ಡ ಹಾಯಿಸಿ ಕುಳ್ಳ ಸಂಕರ ತಳಿಗಳನ್ನು ಹೊರತಂದರು. ಅಂಥ ಸಸಿಗೆ ಎಷ್ಟೇ ಗೊಬ್ಬರ ಹಾಕಿದರೂ ಅದು ಪಕ್ಕದ ತೀರ್ಥಹಳ್ಳಿ ತಳಿಯ ಮರದಷ್ಟು ಎತ್ತರ ಹೋಗುವುದಿಲ್ಲ. ಎತ್ತರದ ತಳಿಯ ಸಸಿಗೆ ಗೊಬ್ಬರ ಕೊಡದೆ ಸತಾಯಿಸಿದರೆ ಅದು ಕುಳ್ಳ ತಳಿ ಆಗಿಬಿಡುವುದೂ ಇಲ್ಲ, ಸೊರಗಿದ ಎತ್ತರದ ತಳಿ ಆಗುತ್ತದೆ ಅಷ್ಟೆ.

ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಇವತ್ತು ಕಾಣುವ ಗಿಡ್ಡ ಭತ್ತದ ಕತೆಯೂ ಇದೇ ದಾರಿಯದು. 1966ರಲ್ಲಿ ಬಂದ ಐಆರ್-8 ತಳಿಯಲ್ಲಿ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಪೈರು ಗಿಡ್ಡ.

ಆದರೆ ನರ್ಸರಿಯಲ್ಲಿ ಗಿಡ್ಡಗೆ ಕಾಣುವ ಎಲ್ಲ ಗಿಡವೂ ಹೀಗೆ ಹುಟ್ಟುಗುಣದಿಂದ ಗಿಡ್ಡವಲ್ಲ. ಕೆಲವು ಗಿಡಗಳನ್ನು ಔಷಧಿ ಹಾಕಿ ಗಿಡ್ಡ ಮಾಡಿರುತ್ತಾರೆ. ಮಾವು ಬೆಳೆಗಾರರಿಗೆ ಗೊತ್ತಿರುವ ಪ್ಯಾಕ್ಲೋಬ್ಯುಟ್ರಜೋಲ್ ಜಿಬ್ಬರೆಲಿನ್ ತಯಾರಿಕೆಯನ್ನೇ ತಡೆಯುತ್ತದೆ. ಕುಂಡದ ಹೂಗಿಡಗಳು, ಎಲೆಗಿಡಗಳು ಅಚ್ಚುಕಟ್ಟಾಗಿ ಗುಂಡಗೆ ಕಾಣಲಿ ಎಂದು ಇಂಥ ಔಷಧಿಗಳನ್ನು ಪ್ರಪಂಚದಾದ್ಯಂತ ದೊಡ್ಡ ನರ್ಸರಿಗಳು ಬಳಸುತ್ತವೆ. ಮನೆಗೆ ತಂದ ಕೆಲವು ತಿಂಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ, ಗಿಡ ತನ್ನ ಸಹಜ ಎತ್ತರದ ಕಡೆಗೆ ಓಡತೊಡಗುತ್ತದೆ. ‘ತಂದಾಗ ಎಷ್ಟು ಚೆಂದ ಇತ್ತು, ಈಗ ಉದ್ದಕ್ಕೆ ಹೋಯ್ತು’ ಎನ್ನುವ ದೂರಿಗೆ ಇದೂ ಒಂದು ಕಾರಣ. ಸ್ನೇಕ್ ಪ್ಲಾಂಟ್ ವಿಷಯದಲ್ಲಿ ಮಾತ್ರ ಹೆಚ್ಚಾಗಿ ಮೋಸ ಹೋಗುವುದು ಬೇರೆ ಕಾರಣಕ್ಕೆ: ನಾವು ಮಗುವನ್ನು ನೋಡಿ ಕುಳ್ಳ ಎಂದುಕೊಳ್ಳುತ್ತೇವೆ.

ಮಗುವೋ ಕುಳ್ಳನೋ ಗುರುತಿಸುವುದು ಹೇಗೆ?

ಉದ್ದ ತಳಿಯ ಎಲೆಯನ್ನು ತುಂಡು ಮಾಡಿ ಮಣ್ಣಿಗೆ ಸಿಕ್ಕಿಸಿದರೆ ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ, ಎರಡು ಮೂರು ತಿಂಗಳ ನಂತರ ಮರಿ ಮೇಲೆ ಬರುತ್ತದೆ. ಆ ಮರಿಯ ಮೊದಲ ಎಲೆಗಳು ಗಿಡ್ಡ, ಸ್ವಲ್ಪ ಅಗಲ, ಹೊರಕ್ಕೆ ಬಾಗಿದಂತೆ ಇರುತ್ತವೆ. ಥೇಟ್ ಹಾನಿಯೈ ಹಾಗೆ! ನಮ್ಮ ಮನೆಯ ಕಿಟಕಿಯ ಗಿಡ ಹೀಗೆ ಬಂದದ್ದು. ಮಾರಿದವರು ಬೇಕೆಂದೇ ಸುಳ್ಳು ಹೇಳಿದರು ಎಂದೇನೂ ನನಗನ್ನಿಸುವುದಿಲ್ಲ. ಲಾರಿಯಲ್ಲಿ ಬಂದ ನೂರಾರು ಕುಂಡಗಳಲ್ಲಿ ಗಿಡ್ಡ ಇದ್ದದ್ದಕ್ಕೆಲ್ಲ ಡ್ವಾರ್ಫ್ ಎಂದು ಕರೆದಿರಬಹುದು.

ಗುರುತಿಸಲು ಗಿಡವನ್ನು ಮೇಲಿನಿಂದ ನೋಡಿ. ಹಾನಿಯೈನಲ್ಲಿ ಆರೇಳು ಅಥವಾ ಹೆಚ್ಚು ಎಲೆಗಳು ಸುತ್ತಲೂ ಜೋಡಿಸಿದಂತೆ ಇದ್ದು, ನಡುವೆ ಲೋಟದಂಥ ಕುಳಿ ಕಾಣುತ್ತದೆ. ಬಲಿತ ಒಳಗಿನ ಎಲೆಗಳೂ ಹೊರಗಿನ ಎಲೆಗಳೂ ಹೆಚ್ಚುಕಡಿಮೆ ಒಂದೇ ಅಳತೆ. ಉದ್ದ ತಳಿಯ ಮರಿಯಲ್ಲಿ ಎಲೆಗಳು ಕಡಿಮೆ, ಒಂದು ಕುಡಿಗೆ ಮೂರೋ ನಾಲ್ಕೋ. ಮತ್ತು ಪ್ರತಿ ಹೊಸ ಎಲೆ ಹಿಂದಿನದಕ್ಕಿಂತ ಎದ್ದುಕಾಣುವಷ್ಟು ಉದ್ದ. ಹೊರಗಿನ ಎಲೆ ನಾಲ್ಕು ಬೆರಳು, ನಡುವಿನದು ಗೇಣು ಇದ್ದರೆ ಆ ಗಿಡ ಮೇಲಕ್ಕೆ ಹೊರಟಿದೆ ಎಂದೇ ಅರ್ಥ. ಈ ಒಂದು ಪರೀಕ್ಷೆ ಮಾಡಿಕೊಂಡರೆ ಲೇಬಲ್ ಏನೇ ಹೇಳಲಿ, ಸಾಮಾನ್ಯವಾಗಿ ತಪ್ಪುವುದಿಲ್ಲ.

ಇಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಹಾನಿಯೈ ಎಲೆಯ ತುಂಡಿನಿಂದ ಬಂದ ಮರಿ ಕುಳ್ಳಗೇ ಇರುತ್ತದೆ. ಆದರೆ ‘ಗೋಲ್ಡನ್’ ಎಲೆಯ ತುಂಡಿನಿಂದ ಬಂದ ಮರಿಗೆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರಾಗಿ ಬರುತ್ತದೆ. ಹಳದಿ ಅಂಚು ಎಂದರೆ ಎರಡು ಬಗೆಯ ಜೀವಕೋಶಗಳು ಪದರ ಪದರವಾಗಿ ಕೂಡಿಕೊಂಡು ಬೆಳೆದದ್ದು. ಎಲೆಯ ತುಂಡಿನಿಂದ ಹೊಸ ಕುಡಿ ಹುಟ್ಟುವಾಗ ಆ ಜೋಡಣೆ ಉಳಿಯುವುದಿಲ್ಲ. ಹಳದಿ ಅಂಚು ಬೇಕಿದ್ದರೆ ಬುಡದಿಂದ ಬಂದ ಮರಿಯನ್ನೇ ಬೇರ್ಪಡಿಸಿ ನೆಡಬೇಕು.

ಸುಮ್ಮನೆ ಹೋಲಿಕೆಗೆ ಮನಿ ಪ್ಲಾಂಟನ್ನೂ ನೆನಪಿಸಿಕೊಳ್ಳಿ. ಬಾಟಲಿಯಲ್ಲಿ ಅಂಗೈಯಗಲದ ಎಲೆ ಬಿಡುವ ಅದೇ ಬಳ್ಳಿ ಮಲೆನಾಡಿನ ಹಿತ್ತಿಲಲ್ಲಿ ತೆಂಗಿನ ಮರವನ್ನೋ ಹಲಸಿನ ಮರವನ್ನೋ ಹತ್ತಿದರೆ ಮೊರದಗಲದ, ಅಲ್ಲಲ್ಲಿ ಸೀಳಿದ ಎಲೆ ಬಿಡುತ್ತದೆ. ಎಷ್ಟೋ ಜನ ಅದು ಬೇರೆ ಗಿಡ ಎಂದೇ ತಿಳಿದಿದ್ದಾರೆ. ಕುಂಡದಲ್ಲಿ ನಾವು ನೋಡುವುದು ಅದರ ಬಾಲ್ಯವನ್ನು ಮಾತ್ರ.

ಚಿಕ್ಕ ಕುಂಡದಲ್ಲಿಟ್ಟರೆ?

ಕುಂಡದ ಅಳತೆ ಬೆಳವಣಿಗೆಯನ್ನು ತಗ್ಗಿಸುತ್ತದೆ, ಇದು ನಿಜ. 2012ರಲ್ಲಿ ಹೆಂಡ್ರಿಕ್ ಪೋರ್ಟರ್ ಮತ್ತು ಸಂಗಡಿಗರು 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕುಂಡದ ಗಾತ್ರ ಎರಡು ಪಟ್ಟಾದರೆ ಗಿಡದ ತೂಕ ಸರಾಸರಿ 43 ಶೇಕಡಾ ಹೆಚ್ಚುತ್ತದೆ ಎಂದು ಕಂಡುಬಂತು. ಅಂದರೆ ಚಿಕ್ಕ ಕುಂಡದಲ್ಲಿ ಗಿಡ ನಿಧಾನವಾಗುತ್ತದೆ. ಆದರೆ ಅದರ ತಳಿಯ ಗುಣ ಬದಲಾಗುವುದಿಲ್ಲ. ಚಿಕ್ಕ ಕುಂಡದ ಲಾರೆಂಟೈ ನಾಲ್ಕು ಅಡಿಯ ಬದಲು ಎರಡು ಅಡಿಗೆ ನಿಲ್ಲಬಹುದು, ಹಾನಿಯೈನಂತೆ ಅರಳುವುದಿಲ್ಲ. ಜೊತೆಗೆ ತಲೆಭಾರವಾಗಿ ಕುಂಡ ಸಮೇತ ಮಗುಚಿ ಬೀಳುತ್ತದೆ.

ಸ್ನೇಕ್ ಪ್ಲಾಂಟ್‌ಗೆ ಇನ್ನೊಂದು ಹಠವಿದೆ. ಮಣ್ಣಿನೊಳಗೆ ಅಡ್ಡಕ್ಕೆ ಹರಿಯುವ ಅದರ ಗಡ್ಡೆಯಂಥ ಕಾಂಡ ಕುಂಡದ ಗೋಡೆಗೆ ತಾಗಿದರೆ ಸುಮ್ಮನಾಗುವುದಿಲ್ಲ, ತಳ್ಳುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಕುಂಡ ಮೊದಲು ಒಂದು ಕಡೆ ಉಬ್ಬುತ್ತದೆ, ಆಮೇಲೆ ಸೀಳುತ್ತದೆ. ಬೋನ್ಸಾಯ್ ಮರಗಳು ಚಿಕ್ಕ ಕುಂಡದಲ್ಲಿ ಚಿಕ್ಕದಾಗಿ ಉಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಗಿಡವನ್ನು ಚಿಕ್ಕದಾಗಿ ಇಡುವುದು ಕುಂಡಕ್ಕಿಂತ ಹೆಚ್ಚಾಗಿ ಕತ್ತರಿ. ರೆಂಬೆಯನ್ನೂ ಬೇರನ್ನೂ ವರ್ಷ ವರ್ಷ ಸವರುತ್ತಾರೆ.

ಶಿವಮೊಗ್ಗ, ಭದ್ರಾವತಿಯಲ್ಲಿ ಎಷ್ಟು ಬೇಗ ಬೆಳೆಯುತ್ತದೆ?

ವಿದೇಶಿ ಪುಸ್ತಕಗಳನ್ನು ನೋಡಿದರೆ ‘ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುತ್ತದೆ’ ಎಂದಿರುತ್ತದೆ. ಅದು ಹಿಮ ಬೀಳುವ ಊರಿನ ಮಾತು. ಈ ಗಿಡಕ್ಕೆ ತೊಂದರೆಯಾಗುವುದು ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿದಾಗ. ಶಿವಮೊಗ್ಗದಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೂ ಸಾಮಾನ್ಯವಾಗಿ ಅಷ್ಟು ಚಳಿ ಬೀಳುವುದಿಲ್ಲ. 20ರಿಂದ 30 ಡಿಗ್ರಿಯ ಆಸುಪಾಸು ಇದಕ್ಕೆ ಹಿತ, ಅದು ನಮ್ಮಲ್ಲಿ ವರ್ಷದ ಬಹುಪಾಲು ಸಿಗುತ್ತದೆ. ಹಾಗಾದರೆ ನಮ್ಮಲ್ಲಿ ಬೆಳವಣಿಗೆಯನ್ನು ಹಿಡಿದಿಡುವುದು ಯಾವುದು? ಬೆಳಕು. ಮತ್ತು ಮಳೆಗಾಲದಲ್ಲಿ ನಾವು ಪ್ರೀತಿಯಿಂದ ಹಾಕುವ ನೀರು.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವ ಹಾಗಿಲ್ಲ. ಮಧ್ಯಾಹ್ನದ ಬಯಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು ಒಂದು ಲಕ್ಷ ಲಕ್ಸ್. ಕಿಟಕಿಯ ಪಕ್ಕದಲ್ಲಿ ಒಂದೆರಡು ಸಾವಿರ. ಹೆಂಚಿನ ಮನೆಯ ನಡುಮನೆಯಲ್ಲೋ, ಗೋಡೆಗೆ ಗೋಡೆ ತಾಗಿದ ಪೇಟೆಯ ಮನೆಗಳ ಒಳಕೋಣೆಯಲ್ಲೋ ನೂರರ ಆಸುಪಾಸು. ಸಾವಿರ ಪಟ್ಟು ವ್ಯತ್ಯಾಸ! ಕಣ್ಣಿನ ಪಾಪೆ ಹಿಗ್ಗಿ, ಕಣ್ಣಿನ ಒಳಪರದೆ ಹೊಂದಿಕೊಂಡು ನಮಗೆ ‘ಪರವಾಗಿಲ್ಲ, ಬೆಳಕಿದೆ’ ಅನ್ನಿಸುತ್ತದೆ. ಎಲೆಗೆ ಹಾಗೆ ಹೊಂದಿಕೊಳ್ಳುವ ಉಪಾಯವಿಲ್ಲ, ಅದಕ್ಕೆ ಬಿದ್ದಷ್ಟೇ ಬೆಳಕು. ‘ಕತ್ತಲಲ್ಲೂ ಬೆಳೆಯುತ್ತೆ’ ಎಂದು ಈ ಗಿಡವನ್ನು ಹೊಗಳುತ್ತಾರೆ. ಕತ್ತಲಲ್ಲಿ ಅದು ಬೆಳೆಯುವುದಿಲ್ಲ, ಸಾಯದೆ ಕಾಯುತ್ತದೆ. ಎರಡೂ ಒಂದೇ ಅಲ್ಲ.

ಕಿಟಕಿಯ ಬೆಳಕಿನಲ್ಲಿ ಒಂಟಿ ಹಾನಿಯೈ ಸಸಿ ಸಾಮಾನ್ಯವಾಗಿ ಎರಡು ಮೂರು ವರ್ಷದಲ್ಲಿ ಆರು ಇಂಚಿನ ಕುಂಡ ತುಂಬಿಕೊಳ್ಳುತ್ತದೆ. ಮೂಲೆಯಲ್ಲಿಟ್ಟರೆ ಐದಾರು ವರ್ಷವಾದರೂ ತುಂಬದಿರಬಹುದು. ಬೆಳವಣಿಗೆಯನ್ನು ಎತ್ತರದಲ್ಲಿ ಅಳೆಯಲು ಹೋದರೆ ನಿರಾಸೆಯೇ ಸಿಗುತ್ತದೆ, ಏಕೆಂದರೆ ಬಲಿತ ಎಲೆ ಮತ್ತೆ ಉದ್ದವಾಗುವುದಿಲ್ಲ. ಅಳೆಯಬೇಕಾದದ್ದು ಮರಿಗಳ ಸಂಖ್ಯೆಯನ್ನು, ಅಗಲವನ್ನು. ಒಂದು ಕುಡಿ ಹೂ ಬಿಟ್ಟರೆ ಅದರಲ್ಲಿ ಹೊಸ ಎಲೆ ಬರುವುದೇ ನಿಲ್ಲುತ್ತದೆ, ಬೆಳವಣಿಗೆ ಪಕ್ಕದ ಮರಿಗಳಿಗೆ ವರ್ಗವಾಗುತ್ತದೆ. ಮನೆಯೊಳಗೆ ಇದು ಹೂ ಬಿಡುವುದು ಅಪರೂಪ, ಹಾಗಾಗಿ ಗಾಬರಿ ಬೇಡ.

ಫೆಬ್ರವರಿಯಿಂದ ಮೇವರೆಗೆ ಬೆಳವಣಿಗೆ ಚುರುಕು. ಆಗ ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಕೊಟ್ಟರೆ ಸಾಕು. ಮನೆಯೊಳಗೆ ಇದ್ದದ್ದನ್ನು ಒಮ್ಮೆಲೇ ಏಪ್ರಿಲ್ ಬಿಸಿಲಿಗೆ ಇಡಬೇಡಿ, ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ, ಆ ಕಲೆ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು ಅಪಾಯದ ಕಾಲ. ಶಿವಮೊಗ್ಗ ನಗರಕ್ಕೆ ಆಗುಂಬೆಯ ಮಳೆ ಇಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ, ನಗರದಲ್ಲಿ ಅದರ ಸಣ್ಣದೊಂದು ಪಾಲು ಮಾತ್ರ. ಆದರೂ ಜುಲೈಯಲ್ಲಿ ವಾರಗಟ್ಟಲೆ ಮೋಡ, ಗಾಳಿಯಲ್ಲಿ ತೇವ. ಕುಂಡದ ಮಣ್ಣು ಒಣಗುವುದೇ ಇಲ್ಲ. ಬೆಳಕು ಕಡಿಮೆಯಾದ್ದರಿಂದ ಗಿಡ ನೀರು ಹೀರುವುದೂ ಕಡಿಮೆ. ಇಂಥ ಹೊತ್ತಲ್ಲಿ ಬೇಸಿಗೆಯ ಅಭ್ಯಾಸದಂತೆ ನೀರು ಹಾಕಿದರೆ ಬುಡ ಕೊಳೆಯುತ್ತದೆ. ಎಲೆ ಹಳದಿಯಾಗಿ ಮೆತ್ತಗಾಗಿ, ಎಳೆದರೆ ಬುಡದಿಂದ ಸಲೀಸಾಗಿ ಕಿತ್ತು ಬರುತ್ತದೆ, ಕೆಟ್ಟ ವಾಸನೆ. ಹಾನಿಯೈನಲ್ಲಿ ಇನ್ನೊಂದು ತೊಂದರೆ: ಮೇಲಿನಿಂದ ನೀರು ಸುರಿದರೆ ಎಲೆಗಳ ನಡುವಿನ ಲೋಟದಲ್ಲಿ ನಿಂತು ಕುಡಿಯೇ ಕೊಳೆಯುತ್ತದೆ. ನೀರನ್ನು ಮಣ್ಣಿಗೆ ಮಾತ್ರ ಹಾಕಿ, ಮಳೆಗಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿದರೂ ನಡೆಯುತ್ತದೆ. ಮಣ್ಣಿಗೆ ಮೂರನೇ ಒಂದು ಭಾಗ ದಪ್ಪ ಮರಳು ಅಥವಾ ಸುಟ್ಟ ಭತ್ತದ ಹೊಟ್ಟು ಸೇರಿಸಿದರೆ ನೀರು ನಿಲ್ಲುವುದಿಲ್ಲ. ಅಕ್ಕಿ ಗಿರಣಿ ಹತ್ತಿರವಿರುವ ಭದ್ರಾವತಿಯವರಿಗೆ ಹೊಟ್ಟಿಗೇನು ಬರವೇ!

ರಾತ್ರಿ ಆಮ್ಲಜನಕ ಕೊಡುತ್ತದೆಯೇ?

ಈ ಭಾಗವನ್ನು ಬರೆಯಲೇಬೇಕು ಅನ್ನಿಸಿದ್ದು ನಮ್ಮಜ್ಜಿಯಿಂದ. ಅವರಿಗೆ ಉಬ್ಬಸ. ಹೋದ ವರ್ಷ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು: ಸ್ನೇಕ್ ಪ್ಲಾಂಟ್ ರಾತ್ರಿಯಿಡೀ ಆಮ್ಲಜನಕ ಬಿಡುತ್ತದೆ, ಮಲಗುವ ಕೋಣೆಯಲ್ಲಿ ಆರು ಇಡಿ, ಹೊರಗಿನ ಧೂಳು ಬರದಂತೆ ಕಿಟಕಿ ಮುಚ್ಚಿ. ಇಟ್ಟರು, ಮುಚ್ಚಿದರು. ತೇವ ತುಂಬಿದ ಆರು ಕುಂಡ, ಮುಚ್ಚಿದ ಕೋಣೆ, ಜುಲೈ ತಿಂಗಳು. ಅಜ್ಜಿಯ ಕೆಮ್ಮು ಕಡಿಮೆಯಾಗಲಿಲ್ಲ. ತಪಾಸಣೆಗೆ ಹೋಗಬೇಕಿದ್ದ ದಿನವನ್ನು ‘ಗಿಡ ಇಟ್ಟಿದ್ದೀವಲ್ಲ, ನೋಡೋಣ’ ಎಂದು ಎರಡು ವಾರ ಮುಂದೂಡಿದ್ದೂ ಆಯಿತು. ಕೊನೆಗೆ ಡಾಕ್ಟರು ಮಾಡಿದ್ದು ಇನ್‌ಹೇಲರ್ ಬಳಸುವ ಕ್ರಮ ತಿದ್ದಿದ್ದು ಮತ್ತು ಕಿಟಕಿ ತೆಗೆಸಿದ್ದು.

ಸಂದೇಶದಲ್ಲಿ ಒಂದು ಎಳೆ ನಿಜ ಇದೆ. ಅನಾನಸ್, ಕತ್ತಾಳೆ, ಪಾಪಾಸುಕಳ್ಳಿಗಳ ಹಾಗೆ ಸ್ನೇಕ್ ಪ್ಲಾಂಟ್ ಕೂಡ ಎಲೆಯ ರಂಧ್ರಗಳನ್ನು ರಾತ್ರಿ ತೆರೆಯುತ್ತದೆ. ಹಗಲಿನ ಬಿಸಿಲಿಗೆ ರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆ, ಅದಕ್ಕೇ ಈ ಜಾಣತನ. ರಾತ್ರಿ ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದಾಗ ಅದರಿಂದ ಸಕ್ಕರೆ ಮಾಡುತ್ತದೆ. ಆದರೆ ಆಮ್ಲಜನಕ ಬರುವುದು ನೀರಿನ ಅಣು ಒಡೆದಾಗ, ಅದಕ್ಕೆ ಬೆಳಕು ಬೇಕೇ ಬೇಕು. ಕತ್ತಲಲ್ಲಿ ಯಾವ ಗಿಡವೂ ಆಮ್ಲಜನಕ ತಯಾರಿಸುವುದಿಲ್ಲ.

ಈಗ ಬೆಳವಣಿಗೆಯ ಲೆಕ್ಕಕ್ಕೆ ಬನ್ನಿ. ಗಿಡದ ಮೈಯಲ್ಲಿರುವ ಇಂಗಾಲವೆಲ್ಲ ಗಾಳಿಯಿಂದ ಬಂದದ್ದು. ಹಾಗಾಗಿ ಗಿಡ ಗಾಳಿಗೆ ಎಷ್ಟು ಉಪಕಾರ ಮಾಡಿದೆ ಎನ್ನುವುದನ್ನು ಅದು ಎಷ್ಟು ಬೆಳೆದಿದೆ ಎನ್ನುವುದರಿಂದಲೇ ತಿಳಿಯಬಹುದು. ಒಂದು ಹಾನಿಯೈ ವರ್ಷಕ್ಕೆ ಕಾಲು ಕೆಜಿ ತೂಕ ಹೆಚ್ಚಿಸಿಕೊಂಡಿತು ಎಂದುಕೊಳ್ಳೋಣ. ಮೂಲೆಯ ಗಿಡಕ್ಕೆ ಇದು ಬಹಳ ಉದಾರವಾದ ಲೆಕ್ಕ. ಅದರಲ್ಲಿ ಸುಮಾರು 90 ಶೇಕಡಾ ನೀರು, ಒಣ ಭಾಗ 25 ಗ್ರಾಂ. ಅದರಲ್ಲಿ ಇಂಗಾಲ ಸುಮಾರು 11 ಗ್ರಾಂ. ಅದಕ್ಕಾಗಿ ಗಿಡ ಹೀರಿದ ಇಂಗಾಲದ ಡೈಆಕ್ಸೈಡ್ ಸುಮಾರು 40 ಗ್ರಾಂ, ಬಿಟ್ಟ ಆಮ್ಲಜನಕ ಸುಮಾರು 30 ಗ್ರಾಂ. ಇದು ಇಡೀ ವರ್ಷದ್ದು.

ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು. ಗಂಟೆಗೆ 15 ಲೀಟರ್, ತೂಕದಲ್ಲಿ ಸುಮಾರು 20 ಗ್ರಾಂ. ಅಂದರೆ ಆ ಗಿಡ ವರ್ಷವಿಡೀ ದುಡಿದು ಕೊಟ್ಟದ್ದು ನಿಮಗೆ ಒಂದೂವರೆ ಗಂಟೆಗೆ. ಆರು ಕುಂಡ ಇಟ್ಟರೆ ಒಂಬತ್ತು ಗಂಟೆಗೆ, ವರ್ಷಕ್ಕೊಂದು ರಾತ್ರಿಯ ನಿದ್ದೆಗೆ. ಗಿಡ ನಿಧಾನವಾಗಿ ಬೆಳೆಯುತ್ತದೆ, ಕುಳ್ಳಗಿರುತ್ತದೆ ಎಂದು ಮೆಚ್ಚಿ ತಂದು, ಅದೇ ಗಿಡ ಕೋಣೆಯ ಗಾಳಿಯನ್ನೇ ಬದಲಿಸಲಿ ಎಂದರೆ ಹೇಗೆ?

ಅಷ್ಟಕ್ಕೂ ಕೋಣೆಯಲ್ಲಿ ಆಮ್ಲಜನಕಕ್ಕೆ ಕೊರತೆಯೇ ಇಲ್ಲ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿ ಇರುತ್ತದೆ, ಅದರಲ್ಲಿ ಸುಮಾರು 6,000 ಲೀಟರ್ ಆಮ್ಲಜನಕ. ಒಬ್ಬರು ಎಂಟು ಗಂಟೆ ಮಲಗಿದರೆ ಖರ್ಚಾಗುವುದು 120 ಲೀಟರ್. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತೆ ಅನ್ನಿಸುವುದು ನಾವೇ ಬಿಟ್ಟ ಇಂಗಾಲದ ಡೈಆಕ್ಸೈಡ್, ತೇವ, ಸೆಕೆ ಹೆಚ್ಚಿದ್ದರಿಂದ. ಒಬ್ಬರು ಒಂದು ಗಂಟೆಯಲ್ಲಿ ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಲು ಮೇಲಿನ ಗಿಡಕ್ಕೆ ಆರೇಳು ತಿಂಗಳು ಬೇಕು. ಕಿಟಕಿ ತೆರೆದರೆ ಅದೇ ಕೆಲಸ ಕೆಲವೇ ನಿಮಿಷದಲ್ಲಿ ಆಗುತ್ತದೆ.

ಗಾಳಿಯ ವಿಷ ಹೀರುತ್ತದೆ ಎನ್ನುವ ಮಾತಿಗೆ ಎಲ್ಲರೂ ತೋರಿಸುವುದು ನಾಸಾದ 1989ರ ಅಧ್ಯಯನವನ್ನು. ವುಲ್ವರ್ಟನ್ ಮತ್ತು ತಂಡದವರು ಗಿಡಗಳನ್ನು ಗಾಳಿಯಾಡದ ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಬೆಂಜೀನ್, ಫಾರ್ಮಾಲ್ಡಿಹೈಡ್‌ಗಳಂಥ ರಾಸಾಯನಿಕ ತುಂಬಿ ಪರೀಕ್ಷಿಸಿದ್ದರು. ಪೆಟ್ಟಿಗೆಯಲ್ಲಿ ಅವು ಕಡಿಮೆಯಾದದ್ದು ನಿಜ. ಮನೆ ಆ ಪೆಟ್ಟಿಗೆಯಲ್ಲ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮ್ಮಿಂಗ್ಸ್ ಮತ್ತು ವೇರಿಂಗ್ ಇಂಥ 196 ಪ್ರಯೋಗಗಳ ಫಲಿತಾಂಶ ಒಟ್ಟು ಮಾಡಿ ಲೆಕ್ಕ ಹಾಕಿದರು. ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವ ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ಆಮೇಲೆ ಮಲಗುವುದು ಹೊರಗೆ!

ಹಾವಿನ ಮಾತೂ ಒಂದಿದೆ. ಇದನ್ನು ಇಟ್ಟರೆ ಹಾವು ಬರುತ್ತದೆ ಎಂದು ಕೆಲವರು, ಬರುವುದಿಲ್ಲ ಎಂದು ಕೆಲವರು. ಎಲೆಯ ಮೇಲಿನ ಪಟ್ಟೆ ಹಾವಿನ ಮೈಯಂತೆ ಕಾಣುತ್ತದೆ ಎಂದು ಬಂದ ಹೆಸರು ಅದು, ಅಷ್ಟೆ.

ಎಲ್ಲಿ ಇಡಬೇಕು, ಯಾವಾಗ ಬೇರ್ಪಡಿಸಬೇಕು?

ಹಾನಿಯೈ ತರುವುದಾದರೆ ಎತ್ತರಕ್ಕೆ ಒಂದು ಅಡಿ, ಅಗಲಕ್ಕೆ ಒಂದೂವರೆ ಅಡಿ ಜಾಗ ಲೆಕ್ಕ ಹಾಕಿಕೊಳ್ಳಿ. ಆಳದ ಕುಂಡಕ್ಕಿಂತ ಅಗಲದ, ತಳ ಕಡಿಮೆ ಇರುವ ಕುಂಡ ಒಳ್ಳೆಯದು, ಬೇರು ಆಳಕ್ಕೆ ಹೋಗುವುದಿಲ್ಲ. ಪುಟ್ಟ ಗಿಡವಾದ್ದರಿಂದ ಇದನ್ನು ಟೀಪಾಯಿ, ಮೆಟ್ಟಿಲು ಹೀಗೆ ಕೆಳಗಿನ ಜಾಗದಲ್ಲೇ ಇಡುವುದು ಹೆಚ್ಚು. ಮನೆಯಲ್ಲಿ ಬೆಕ್ಕು, ನಾಯಿ, ಅಂಬೆಗಾಲಿಡುವ ಮಗು ಇದ್ದರೆ ಹಾಗೆ ಇಡಬೇಡಿ. ಎಲೆಯಲ್ಲಿ ಸಪೋನಿನ್ ಎಂಬ ಅಂಶವಿದ್ದು, ಬೆಕ್ಕು ನಾಯಿಗಳು ಅಗಿದರೆ ಜೊಲ್ಲು, ವಾಂತಿ, ಭೇದಿ ಆಗುತ್ತದೆ, ಮಕ್ಕಳಿಗೆ ಬಾಯಿ ಉರಿಯಬಹುದು.

ಉದ್ದ ತಳಿ ಅಕಸ್ಮಾತ್ ಮನೆ ಸೇರಿದ್ದರೆ ಅದನ್ನು ಗಿಡ್ಡ ಮಾಡಲೆಂದು ಎಲೆಯ ತುದಿ ಕತ್ತರಿಸಬೇಡಿ. ಕತ್ತರಿಸಿದ ಎಲೆ ಮೊಂಡಾಗಿಯೇ ಉಳಿಯುತ್ತದೆ, ಹೊಸ ಎಲೆ ಮತ್ತೆ ತನ್ನ ಉದ್ದಕ್ಕೇ ಬರುತ್ತದೆ. ತೀರಾ ಉದ್ದವಾದ ಎಲೆಯನ್ನು ಬುಡದಲ್ಲೇ ತೆಗೆಯಿರಿ, ಇಲ್ಲವೇ ನೆಲದ ಮೇಲೆ ದೊಡ್ಡ ಕುಂಡದಲ್ಲಿ ಅದಕ್ಕೊಂದು ಮೂಲೆ ಕೊಡಿ.

ಕುಂಡ ಉಬ್ಬಿದಂತೆ ಕಂಡರೆ, ಅಥವಾ ಮರಿಗಳು ಅಂಚಿಗೆ ಒತ್ತಿಕೊಂಡಿದ್ದರೆ ಬೇರ್ಪಡಿಸುವ ಹೊತ್ತು ಬಂದಿದೆ. ನಮ್ಮ ಹವೆಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆಯದು, ಮಳೆ ಹಿಡಿಯುವ ಮೊದಲೇ ಗಾಯ ಮಾಯ್ದಿರುತ್ತದೆ. ಗಿಡವನ್ನು ಪೂರ್ತಿ ಹೊರಗೆ ತೆಗೆದು, ಮಣ್ಣು ಕೊಡವಿ, ಪ್ರತಿ ಮರಿಗೂ ಸ್ವಲ್ಪ ಬೇರು ಬರುವಂತೆ ಅಡ್ಡಕಾಂಡವನ್ನು ಕತ್ತರಿಸಿ. ಕತ್ತರಿಸಿದ ಜಾಗ ಒಂದೆರಡು ದಿನ ನೆರಳಲ್ಲಿ ಒಣಗಲಿ, ಆಮೇಲೆ ನೆಡಿ, ವಾರ ಕಳೆದು ನೀರು ಹಾಕಿ. ಅಮ್ಮ ಹೋದ ಮಾರ್ಚಿಯಲ್ಲಿ ಟಿವಿ ಪಕ್ಕದ ಕುಂಡವನ್ನು ಹೀಗೆ ಮೂರು ಮಾಡಿದರು. ಒಂದು ನ್ಯೂಟೌನ್‌ನ ಚಿಕ್ಕಮ್ಮನ ಮನೆಗೆ ಹೋಯಿತು, ಒಂದು ಅಜ್ಜಿಯ ಕೋಣೆಯ ಕಿಟಕಿಯಲ್ಲಿದೆ. ಕಿಟಕಿ ತೆರೆದಿರುತ್ತದೆ.